ಅತ್ತೆಯ ಮಷಿನ್ನು, ನನ್ನ ಬೀಗ

ಸುರಕ್ಷತೆಯ ವಿಷಯಕ್ಕೆ ಬಂದರೆ ನಾನು ಸಾಮಾನ್ಯ ಮನುಷ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುವ ಲಕೋಟೆ ಕಾರ್ಖಾನೆಗೆ ಒಬ್ಬ ಸುರಕ್ಷತಾ ಪ್ರತಿನಿಧಿ ಬೇಕೆಂದು ಮ್ಯಾನೇಜರು ಕೇಳಿದಾಗ ಇಡೀ ಅಂಟು ವಿಭಾಗದಲ್ಲಿ ಕೈ ಎತ್ತಿದವನು ನಾನೊಬ್ಬನೇ. ಕಂಕುಳು ಕೆರೆದುಕೊಳ್ಳಲು ಎತ್ತಿದ್ದೆ ಎಂದು ಜೊತೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಒಂದು ಮಧ್ಯಾಹ್ನ ಪೂರ್ತಿ ತರಬೇತಿ ಕೊಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟು, ಹಳದಿ ಹೆಲ್ಮೆಟ್ಟು, ಮೇಲೊಂದು ಕೆಂಪು ಬೀಗ ಕೊಟ್ಟು ಕಳಿಸಿದ್ದು ನನ್ನನ್ನೇ ಹೊರತು ಅವರನ್ನಲ್ಲ.

ಆ ಬೀಗ ಸಾಮಾನ್ಯದ್ದಲ್ಲ. ಯಾವುದೇ ಯಂತ್ರ ಬಿಚ್ಚುವ ಮೊದಲು ಮೇನ್ ಸ್ವಿಚ್ಚು ಇಳಿಸಿ, ಅದಕ್ಕೆ ಆ ಬೀಗ ಜಡಿದು, ಪಕ್ಕದಲ್ಲಿ ಅಪಾಯದ ಬೋರ್ಡು ತೂಗುಹಾಕಿ, ಕೀಲಿಯನ್ನು ಜೇಬಿಗಿಳಿಸಬೇಕು. ಬೀಗ ಹಾಕಿದವನೇ ತೆಗೆಯಬೇಕು. ಬೇರೆಯವರು, ಕಾರ್ಖಾನೆಯ ಮಾಲೀಕರೇ ಆಗಿರಲಿ, ಕೈಕಾಲು ಹಿಡಿದರೂ ಕೀಲಿ ಕೊಡಬಾರದು. ಲಕೋಟೆಗೆ ಅಂಟು ಬಳಿಯುವ ಜಾಗದಲ್ಲಿ ಅಂಥ ಸಂದರ್ಭ ಒದಗಿಬರಲಿಲ್ಲ. ಬೀಗ, ಬೋರ್ಡು ಎರಡೂ ನನ್ನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಕೂತು ಕಾಯುತ್ತಿದ್ದವು.

ಈಗ ಅತ್ತೆಯ ವಿಷಯ. ನಮ್ಮ ಅತ್ತೆ, ಎಂದರೆ ನನ್ನಾಕೆಯ ತಾಯಿ, ಬಹಳ ಕಾಲ ಒಂದು ದೊಡ್ಡ ಹೋಟೆಲಿನಲ್ಲಿ ಕೋಣೆಗಳ ಉಸ್ತುವಾರಿ ನೋಡಿಕೊಂಡಿದ್ದವರು. ನಿವೃತ್ತರಾದಾಗ ಹೋಟೆಲಿನವರು ಎಲ್ಲರಿಗೂ ಕೊಡುವ ಹಾಗೆ ಗಡಿಯಾರ ಕೊಡಹೋದರೆ, "ನನಗೆ ಹೊತ್ತು ಗೊತ್ತಾಗತ್ತೆ, ಆ ಹಳೇ ಮಷಿನ್ನು ಕೊಡಿ" ಎಂದು ತಾವು ಓಡಿಸುತ್ತಿದ್ದ ವ್ಯಾಕ್ಯೂಮ್ ಕ್ಲೀನರನ್ನೇ ಕೇಳಿ ತಂದವರು. ಈಗಿನವುಗಳ ಹಾಗೆ ನೆಲದ ಮೇಲೆ ತೆವಳುವ ಜಾತಿಯಲ್ಲ ಅದು. ನೆಟ್ಟಗೆ ನಿಲ್ಲುವಂಥದ್ದು. ಎದೆಯೆತ್ತರದ ಹಿಡಿ, ಹಿಡಿಗೆ ಆತುಕೊಂಡ ಬಟ್ಟೆಯ ಚೀಲ, ಕೆಳಗೆ ಮೋಟರು, ಮೋಟರಿನ ಮುಂದೆ ಗರಗರ ತಿರುಗುವ ಕುಚ್ಚು. ಶುರುವಾದರೆ ಪಕ್ಕದ ಬೀದಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಅತ್ತೆ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ವಾಪಸು ಕೇಳಿದ್ದರಿಂದ ಇನ್ನು ಮುಂದೆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರ ಮನೆಯಲ್ಲಿ ಇರಬೇಕೆಂದು ತೀರ್ಮಾನವಾಯಿತು. ಯಾರ ಮನೆಯಲ್ಲಿ ಎಂಬುದೇ ಪ್ರಶ್ನೆ. ಒಂದು ಕಡೆ ನಾವು. ಇನ್ನೊಂದು ಕಡೆ ನನ್ನ ಷಡ್ಡಕ, ಅಂದರೆ ನನ್ನಾಕೆಯ ಅಕ್ಕನ ಗಂಡ. ಅವರ ಮನೆ ದೊಡ್ಡದು. ಅಲ್ಲಿ ತಟ್ಟೆಯಂಥ ಒಂದು ಹೊಸ ಯಂತ್ರವಿದೆ. ತಾನೇ ಗುಡಿಸುತ್ತದೆ, ತಾನೇ ಒರೆಸುತ್ತದೆ, ಮುಗಿದ ಮೇಲೆ ತಾನೇ ಹೋಗಿ ಮೂಲೆಯಲ್ಲಿ ಕೂತುಕೊಳ್ಳುತ್ತದೆ. ಷಡ್ಡಕರು ಅದರ ಗುಣಗಾನ ಮಾಡುವಾಗಲೆಲ್ಲ ನನ್ನ ಕಡೆ ಒಂದು ಓರೆನೋಟ ಬೀರುತ್ತಾರೆ.

ಅತ್ತೆ ಒಂದು ಉಪಾಯ ಮಾಡಿದರು. ಮೊದಲು ದೊಡ್ಡ ಮಗಳ ಮನೆಗೆ ಹೋಗಿ ಕೆಲವು ದಿನ ಇದ್ದು ನೋಡುವುದು. ಅಷ್ಟರವರೆಗೆ ಮಷಿನ್ನು ನಮ್ಮಲ್ಲಿ. "ಅಳಿಯಂದ್ರೇ, ಇದನ್ನ ಚೆನ್ನಾಗಿ ನೋಡ್ಕೊಳ್ಳಿ. ನಾನು ಬಂದಾಗ ಇದು ಹೇಗಿರತ್ತೆ ನೋಡಿ, ಎಲ್ಲಿರೋದು ಅಂತ ಆಮೇಲೆ ಹೇಳ್ತೀನಿ" ಎಂದರು. ನಗುತ್ತಲೇ ಅಂದರು. ಆದರೆ ಅತ್ತೆ ನಗುತ್ತಾ ಹೇಳಿದ್ದನ್ನು ಲಘುವಾಗಿ ತೆಗೆದುಕೊಂಡವರು ಯಾರೂ ಉದ್ಧಾರವಾಗಿಲ್ಲ.

ಅಳಿಯನಾದವನು ಅತ್ತೆ ಬೇರೆ ಕಡೆ ಇದ್ದರೆ ನೆಮ್ಮದಿ ಎಂದುಕೊಳ್ಳುತ್ತಾನೆ ಎಂದು ನೀವು ಭಾವಿಸಿರಬಹುದು. ನನ್ನ ವಿಷಯದಲ್ಲಿ ಅದು ಸುಳ್ಳು. ಅವರು ನಮ್ಮಲ್ಲಿಯೇ ಇರಬೇಕೆಂಬ ಆಸೆ ನನ್ನಾಕೆಗಿಂತ ಒಂದು ತೂಕ ನನಗೇ ಹೆಚ್ಚು. ಅವರು ಬಂದ ದಿನ ನನ್ನಾಕೆ ಅಡುಗೆಮನೆಯಲ್ಲಿ ಗುನುಗುತ್ತಾಳೆ, ನಾನು ಕಾರ್ಖಾನೆಯಿಂದ ಬೇಗ ಬರುತ್ತೇನೆ, ಮೂವರೂ ಮೇಜಿನ ಸುತ್ತ ಕೂತು ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ. ಅವರು ಹೋದ ಮೇಲೆ ಮನೆ ಬಣಗುಟ್ಟುತ್ತದೆ.

ಅತ್ತೆ ಬರಬೇಕಾಗಿದ್ದ ಭಾನುವಾರ ಬೆಳಿಗ್ಗೆ ನಾನು ಕೋಣೆಯಲ್ಲಿ ಷೇವ್ ಮಾಡಿಕೊಳ್ಳುತ್ತಿದ್ದೆ. ಹಾಲಿನಲ್ಲಿ ನನ್ನಾಕೆ ಮಷಿನ್ನು ಓಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಅದರ ಗರ್ಜನೆ ಕೀರಲಾಯಿತು, ಕೀರಲು ನರಳಾಟವಾಯಿತು, ಆಮೇಲೆ ಏನೂ ಇಲ್ಲ.

"ರೀ, ಬೇಗ ಬನ್ನಿ. ಅಮ್ಮಂದು ನಿಂತೇ ಹೋಯ್ತು."

ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಓಡಿಬಂದೆ. ಮಷಿನ್ನು ನೆಟ್ಟಗೇ ನಿಂತಿತ್ತು, ಆದರೆ ಉಸಿರಿರಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಅದನ್ನು ಶುರುಮಾಡುವ ಗುಂಡಿ ಕೆಳಗಿದೆ, ಕಾಲಿನಿಂದ ಒತ್ತಬೇಕು. ಒಂದು ಸಲ ಒತ್ತಿದರೆ ಆನ್, ಇನ್ನೊಂದು ಸಲ ಒತ್ತಿದರೆ ಆಫ್. ಎರಡರ ಗುರುತುಗಳೂ ಸವೆದು ಹೋಗಿವೆ. ನಾನು ಒತ್ತಿದೆ. ಮತ್ತೆ ಒತ್ತಿದೆ. ಒತ್ತುತ್ತಲೇ ಇದ್ದೆ. ಎಷ್ಟು ಸಲ ಒತ್ತಿದೆನೆಂದು ಲೆಕ್ಕವಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಬಿಸಿಯಾಗಿರ್ಬೇಕು" ಎಂದಳು ನನ್ನಾಕೆ.

"ಪ್ಲಗ್ ಕೀಳೋದು ತರಬೇತಿ ಇಲ್ಲದೋರ ಪದ್ಧತಿ ಕಣೇ. ಕಿತ್ತಿಟ್ಟ ಪ್ಲಗ್ಗನ್ನ ಯಾರಾದ್ರೂ ಬಂದು ಮತ್ತೆ ಸಿಗಿಸಿಬಿಟ್ರೆ?"

"ಮನೇಲಿರೋದು ನಾವಿಬ್ಬರೇ ಅಲ್ವೇನ್ರೀ?"

"ಅದನ್ನೇ ಹೇಳ್ತಿರೋದು. ನೀನೇ ಸಿಗಿಸಿಬಿಟ್ರೆ?"

ಅವಳು ನನ್ನ ಮುಖವನ್ನೂ ನೊರೆಯನ್ನೂ ಒಮ್ಮೆ ನೋಡಿದಳು. ಲಾಂಡ್ರಿಗೆ ಕೊಟ್ಟ ಪರದೆಗಳನ್ನು ತರುವುದಿತ್ತು, ಅಂಗಡಿಗೂ ಹೋಗುವುದಿತ್ತು. ಚೀಲ ಹೆಗಲಿಗೇರಿಸಿ, "ನೋಡಿ, ಅಮ್ಮ ಬರೋ ಹೊತ್ತಿಗೆ ಅದು ಓಡ್ಬೇಕು. ಇಲ್ಲಾಂದ್ರೆ ಅಮ್ಮ ಅಕ್ಕನ ಮನೇಲೇ ಉಳೀತಾರೆ, ನಾನು ನಿಮ್ಮನ್ನ ಮಾತಾಡ್ಸಲ್ಲ" ಎಂದು ಹೇಳಿ ಹೊರಟುಹೋದಳು. ಮಾತಿನ ಮೊದಲ ಅರ್ಧವೇ ನನಗೆ ಸಾಕಾಗಿತ್ತು.

ಜಾಕೆಟ್ಟು ತೊಟ್ಟೆ, ತಲೆಗೆ ಹೆಲ್ಮೆಟ್ಟು ಇಟ್ಟೆ. ಬೀಗ, ಬೋರ್ಡು ಹಿಡಿದು ಮೂರನೇ ಮಹಡಿಯಿಂದ ನೆಲಮಹಡಿಯ ಮೀಟರ್ ರೂಮಿಗೆ ಇಳಿದೆ. ಅಲ್ಲಿ ಸ್ವಿಚ್ಚುಗಳ ಸಾಲೇ ಇತ್ತು. ಯಾವುದು ಯಾವ ಮನೆಯದು ಎಂದು ಬರೆದಿದ್ದ ಅಂಕಿಗಳ ಮೇಲೆ ಹೋದ ವರ್ಷ ಪೇಂಟರು ಬಹಳ ನೀಟಾಗಿ ಸುಣ್ಣ ಬಳಿದಿದ್ದ. ಮೇಲ್ಗಡೆ ಮಾತ್ರ ಎಲ್ಲಕ್ಕಿಂತ ದೊಡ್ಡದಾದ ಒಂದು ಸ್ವಿಚ್ಚು ಯಜಮಾನನ ಠೀವಿಯಲ್ಲಿ ಕೂತಿತ್ತು. ನಮ್ಮ ಮನೆಯ ಕರೆಂಟು ಎಲ್ಲಿಂದ ಬಂದರೂ ಅದನ್ನು ದಾಟಿಯೇ ಬರಬೇಕಲ್ಲವೇ? ಸುರಕ್ಷತೆಯಲ್ಲಿ ಅನುಮಾನಕ್ಕೆ ಎಡೆ ಇರಬಾರದು. ದೊಡ್ಡದನ್ನೇ ಇಳಿಸಿ ಬೀಗ ಜಡಿದೆ. "ಅಪಾಯ. ಕೆಲಸ ನಡೆಯುತ್ತಿದೆ. ಯಾರೂ ಮುಟ್ಟಬಾರದು" ಎಂಬ ಬೋರ್ಡು ತೂಗುಹಾಕಿದೆ. ಆ ಗಳಿಗೆಯಲ್ಲಿ ಲಿಫ್ಟಿನ ಗುಂಯ್‌ಗುಟ್ಟುವಿಕೆ ನಿಂತಿತು, ಯಾರದೋ ಮನೆಯ ಟೀವಿ ನಿಂತಿತು, ಮೊದಲ ಮಹಡಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಬರುತ್ತಿದ್ದ ಕೊರೆಯುವ ಸದ್ದೂ ನಿಂತಿತು. ಭಾನುವಾರ ಈ ಕಟ್ಟಡ ಎಷ್ಟು ಪ್ರಶಾಂತವಾಗಿರುತ್ತದೆ ಎಂದುಕೊಂಡು ಮೆಟ್ಟಿಲು ಹತ್ತಿದೆ.

ಇನ್ನು ದುರಸ್ತಿ. ಇಷ್ಟು ಭದ್ರವಾಗಿ ಬೀಗ ಹಾಕಿ ಬಂದ ಮೇಲೆ ಮನೆಯ ಪ್ಲಗ್ಗಿನ ಕಡೆ ನೋಡುವ ಅಗತ್ಯವೇ ನನಗೆ ಕಾಣಲಿಲ್ಲ. ಅದು ಗೋಡೆಯಲ್ಲಿ ಹಾಗೆಯೇ ಇತ್ತು. ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟು ಗಾಳಿಯಾಡಲು ಬಿಟ್ಟೆ, ಒದ್ದೆ ಕರ್ಚೀಫು ಮೂಗಿಗೆ ಕಟ್ಟಿಕೊಂಡೆ, ಮಷಿನ್ನಿನ ಮುಂದೆ ಮಂಡಿಯೂರಿ ಕೂತೆ.

ಬಟ್ಟೆಯ ಚೀಲ ಬಿಗಿದು ದಿಂಬಿನ ಹಾಗಾಗಿತ್ತು. ಮಷಿನ್ನು ಬಂದ ದಿನದಿಂದ ಅದನ್ನು ಖಾಲಿ ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಕಸ ಒಳಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೆ. ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಅದರ ಸ್ವಂತ ವಿಚಾರ ಎಂದು ಬಿಟ್ಟಿದ್ದೆ. ಹಾಲಿನ ನಡುವೆ ದಿನಪತ್ರಿಕೆ ಹಾಸಿ ಚೀಲ ಬಗ್ಗಿಸಿದೆ. ಧೂಳಿನ ಗುಡ್ಡವೇ ಎದ್ದು ನಿಂತಿತು. ಖಾಲಿ ಚೀಲವನ್ನು ಬಾಲ್ಕನಿಯ ಹಗ್ಗದ ಮೇಲೆ ಒಣಹಾಕಿದೆ. ಮಷಿನ್ನನ್ನು ಮಗುಚಿ ನೋಡಿದರೆ ಕುಚ್ಚಿಗೆ ನನ್ನಾಕೆಯ ತಲೆಗೂದಲು, ದಾರ, ರಬ್ಬರ್ ಬ್ಯಾಂಡು ಎಲ್ಲ ಸುತ್ತಿಕೊಂಡು ಹಗ್ಗವಾಗಿದ್ದವು. ಕತ್ತರಿಯಿಂದ ಕತ್ತರಿಸಿ ಕಿತ್ತೆ. ಅದರ ಹಿಂದೆ ಗಾಳಿ ಹೋಗುವ ಗಂಟಲಿನಲ್ಲಿ ಬೆರಳು ಹಾಕಿ ಎಳೆದರೆ ನನ್ನ ನೀಲಿ ಕಾಲುಚೀಲ ಬಂತು. ಅದು ಕಳೆದುಹೋಗಿದ್ದಕ್ಕೆ ನಾನು ಲಾಂಡ್ರಿಯವನ ಮೇಲೆ ಕೂಗಾಡಿ ಬಂದಿದ್ದೆ. ಕುಚ್ಚು ತಿರುಗಿಸುವ ಬೆಲ್ಟು ಒಂದು ಕಡೆ ಸ್ವಲ್ಪ ಕಪ್ಪಗಾಗಿತ್ತು, ತುಂಡಾಗಿರಲಿಲ್ಲ. ಎಲ್ಲ ಒರೆಸಿ, ತಳದ ತಗಡು ಮುಚ್ಚಿ, ಸ್ಕ್ರೂ ಬಿಗಿದು, ಎತ್ತಿ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ, ಕೆಲಸ ಚೆನ್ನಾಗಿಯೇ ಆಗಿತ್ತು. ಇನ್ನು ಕೆಳಗೆ ಹೋಗಿ ಬೀಗ ತೆಗೆಯಬೇಕು ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಗದ್ದಲ ಕೇಳಿತು.

ಹೊರಗೆ ಬಂದರೆ ಎದುರುಮನೆಯ ಟೀಚರ್ ಕೈಯಲ್ಲಿ ಬೆಕ್ಕು ಹಿಡಿದು ನಿಂತಿದ್ದರು.

"ಅಯ್ಯೋ, ನೀವಿನ್ನೂ ಇಲ್ಲೇ ಇದೀರಾ? ಕಟ್ಟಡದ ವೈರಿಂಗೆಲ್ಲಾ ಸುಡ್ತಾ ಇದೆಯಂತೆ. ಕರೆಂಟ್ ಇಲಾಖೆಯವರೇ ಬಂದು ಲೈನ್ ತೆಗೆದು ಹೋಗಿದಾರೆ. ಸುಟ್ಟ ವಾಸನೆ ಬರ್ತಾ ಇಲ್ವಾ ನಿಮಗೆ?"

ಕರ್ಚೀಫು ಸರಿಸಿ ಮೂಸಿದೆ. ಬಂತು. ನಿಜವಾಗಿಯೂ ಬಂತು, ರಬ್ಬರ್ ಸುಟ್ಟ ವಾಸನೆ, ಇಡೀ ಮೆಟ್ಟಿಲ ಸಾಲಿನಲ್ಲಿ. ಅದು ನನ್ನ ಬೆನ್ನ ಹಿಂದಿನ ತೆರೆದ ಬಾಗಿಲಿನಿಂದಲೇ ಬರುತ್ತಿದೆ ಎಂದು ಯಾವ ಮೂಗಾದರೂ ಹೇಳುತ್ತಿತ್ತು. ನನ್ನ ಮೂಗು ಅಷ್ಟು ಹೊತ್ತು ಅದರಲ್ಲೇ ಮುಳುಗಿದ್ದರಿಂದ ದಿಕ್ಕು ತಪ್ಪಿತ್ತು. ಮೀಟರ್ ರೂಮಿನ ಬೋರ್ಡು ನೋಡಿದವರೊಬ್ಬರು, ವಾಸನೆ ಹಿಡಿದವರೊಬ್ಬರು, ಎರಡನ್ನೂ ಸೇರಿಸಿದವರು ಇನ್ನೊಬ್ಬರು. ನನ್ನ ಬಳಿಗೆ ಬರುವ ಹೊತ್ತಿಗೆ ಸುದ್ದಿ ಎಷ್ಟು ಬೆಳೆದಿತ್ತೆಂದರೆ ಹೆತ್ತ ತಂದೆಯಾದ ನನಗೇ ಅದರ ಗುರುತು ಸಿಗಲಿಲ್ಲ.

ಆಮೇಲೆ ನನ್ನಲ್ಲಿದ್ದ ಸುರಕ್ಷತಾ ಪ್ರತಿನಿಧಿ ಎದ್ದು ನಿಂತ. "ಯಾರೂ ಓಡ್ಬೇಡಿ. ಗೋಡೆ ಪಕ್ಕ ಸಾಲಾಗಿ ಇಳೀರಿ. ಟೀಚರ್, ಬೆಕ್ಕಿನ ಮೂಗಿಗೂ ಬಟ್ಟೆ ಹಿಡೀರಿ" ಎಂದೆ. ಬಾಗಿಲು ಬಾಗಿಲು ತಟ್ಟಿದೆ. ನನ್ನ ಜಾಕೆಟ್ಟು, ಹೆಲ್ಮೆಟ್ಟು, ಮುಖದ ಬಟ್ಟೆ ನೋಡಿದವರು ಎದುರು ಮಾತಾಡದೆ ಹೊರಟರು. ಮುಖದ ಒಂದು ಕಡೆ ಇನ್ನೂ ಗಡ್ಡವಿದ್ದದ್ದು ಪರಿಸ್ಥಿತಿ ಎಷ್ಟು ಗಂಭೀರವೆಂದು ತೋರಿಸಿತಂತೆ. ಹಲ್ಲಿನ ಡಾಕ್ಟರು ಕೈಗವಸಿನಲ್ಲೇ ಇಳಿದರು. ಅವರ ಹಿಂದೆ ರೋಗಿ, ಕತ್ತಿಗೆ ಎದೆಬಟ್ಟೆ ಕಟ್ಟಿಕೊಂಡು, ಬಾಯಿ ತೆರೆದದ್ದನ್ನು ತೆರೆದಂತೆಯೇ ಇಟ್ಟುಕೊಂಡು ಇಳಿದರು. ಮುಚ್ಚಿ ಎಂದು ಡಾಕ್ಟರು ಹೇಳಿರಲಿಲ್ಲ.

ಎರಡನೇ ಮಹಡಿ ದಾಟುವಾಗ ಗೋಡೆಯೊಳಗಿಂದ ದನಿ ಬಂತು. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದರು. ಕಟ್ಟಡದ ಸಭೆಗಳಲ್ಲಿ ಬೇರೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಸಾರ್, ಗಾಬರಿಯಾಗ್ಬೇಡಿ. ನೆಲದ ಮೇಲೆ ಕೂತ್ಕೊಳ್ಳಿ" ಎಂದು ಲಿಫ್ಟಿನ ಬಾಗಿಲಿಗೆ ಬಾಯಿಟ್ಟು ಕೂಗಿದೆ.

"ಗಾಬರಿ ಅಲ್ರೀ, ಕೋಪ ಬಂದಿದೆ ನಂಗೆ. ಸಂಘಕ್ಕೆ ಹೇಳ್ದೆ ಕೇಳ್ದೆ ಕರೆಂಟ್ ತೆಗೆದೋನು ಯಾವನು?"

"ಅದನ್ನ ಆಮೇಲೆ ವಿಚಾರಿಸೋಣ ಸಾರ್. ಯಾರೇ ಆಗಿರ್ಲಿ, ಬಿಡೋ ಮಾತೇ ಇಲ್ಲ."

"ಅವನ ಹೆಸರು ಗೊತ್ತಾಗ್ಬೇಕು ನಂಗೆ."

"ನಾನೇ ಪತ್ತೆ ಮಾಡಿ ನಿಮ್ಮುಂದೆ ನಿಲ್ಲಿಸ್ತೀನಿ ಸಾರ್" ಎಂದು ಮಾತು ಕೊಟ್ಟು ಕೆಳಗಿಳಿದೆ.

ಅಂಗಳದಲ್ಲಿ ಸಂತೆ ಸೇರಿತ್ತು. ಅಷ್ಟರಲ್ಲಿ ಗಂಟೆ ಬಾರಿಸುತ್ತ ಫೈರ್ ಇಂಜಿನ್ನೂ ಬಂತು. ಯಾರೋ ಫೋನ್ ಮಾಡಿದ್ದರು. ಅದರಿಂದ ದಪ್ಪ ಮೀಸೆಯ ಅಧಿಕಾರಿಯೊಬ್ಬರು ಇಳಿದು, "ಇಲ್ಲಿ ನೋಡ್ಕೋತಿರೋದು ಯಾರು?" ಎಂದರು. ಎಲ್ಲರೂ ನನ್ನನ್ನು ತೋರಿಸಿದರು.

ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟೂ ಜನಾನ್ನ ಇಳಿಸಿದ್ದು ನೀವೇನಾ?"

"ಹೌದು ಸಾರ್. ಬೆಕ್ಕೂ ಸೇರಿ."

"ಭೇಷ್. ಹತ್ತು ಕಟ್ಟಡಕ್ಕೆ ನಿಮ್ಮಂಥವರು ಒಬ್ಬರಿದ್ರೆ ನಮ್ಮ ಕೆಲಸ ಹಗುರಾಗತ್ತೆ." ಜನ ಚಪ್ಪಾಳೆ ತಟ್ಟಿದರು. ಬಾಯಿ ತೆರೆದ ರೋಗಿಯೂ ತಟ್ಟಿದರು. ನನ್ನ ಷಡ್ಡಕರು ಈಗ ಇಲ್ಲಿರಬೇಕಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಧಿಕಾರಿ ಮುಂದುವರಿಸಿದರು. "ಒಂದೇ ತೊಂದ್ರೆ. ಮೇನ್ ಸ್ವಿಚ್ಚಿಗೆ ಯಾರೋ ಬೀಗ ಹಾಕಿದಾರಂತೆ. ದಾರೀಲೇ ಕರೆಂಟ್ ಇಲಾಖೇನ ಕೇಳ್ದೆ, ಅವರು ಇವತ್ತು ಈ ಬೀದಿಗೇ ಬಂದಿಲ್ವಂತೆ. ಯಾವನೋ ಕಿಡಿಗೇಡಿ. ಬನ್ನಿ, ಒಡೆದುಬಿಡೋಣ."

ಅವರ ಹಿಂದೆ ಮೀಟರ್ ರೂಮಿಗೆ ಹೋದೆ. ಬೀಗ ನೋಡಿದೆ. ಕೆಂಪಗಿತ್ತು.

ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ಕೀಲಿಯನ್ನು ಮುಟ್ಟಿತು. ಕಾಲಿಗೆ ಬುದ್ಧಿ ಹೇಳೋಣವೆಂದರೆ ಬಾಗಿಲಲ್ಲಿ ಅರ್ಧ ಕಟ್ಟಡ ಇಣುಕುತ್ತಿತ್ತು. ಒಬ್ಬ ಸಿಬ್ಬಂದಿ ದೊಡ್ಡ ಕಟರಿನ ಬಾಯಿಯನ್ನು ಬೀಗಕ್ಕೆ ಇಟ್ಟ. ಬೀಗ ಕಾರ್ಖಾನೆಯದು. ನಾನು ಮೆಲ್ಲಗೆ ಕೈ ಎತ್ತಿದೆ.

"ಒಡೀಬೇಡಿ ಸಾರ್. ಅದನ್ನ ಹಾಕಿದವನೇ ತೆಗೀಬೇಕು."

"ಹಾಕಿದವನು ಯಾರು?"

"ನಾನೇ ಸಾರ್."

ಅಧಿಕಾರಿಯ ಮೀಸೆ ಅಲ್ಲಾಡಿತು. "ಯಾಕೆ ಹಾಕಿದ್ರಿ?"

"ಸುರಕ್ಷತೆಗೆ."

"ಯಾರ ಸುರಕ್ಷತೆಗೆ?"

"ನಮ್ಮತ್ತೆಯವರ ವ್ಯಾಕ್ಯೂಮ್ ಕ್ಲೀನರು ರಿಪೇರಿ ಮಾಡ್ತಿದ್ದೆ ಸಾರ್."

"ಮತ್ತೆ ಸುಟ್ಟ ವಾಸನೆ?"

"ಅದೂ ನಮ್ಮತ್ತೆಯವರದ್ದೇ. ಬೆಲ್ಟು."

"ಹಾಗಾದ್ರೆ ಇಷ್ಟು ಜನಾನ್ನ ಯಾವುದರಿಂದ ಕಾಪಾಡಿದ್ರಿ ನೀವು?"

ನಾನು ಸ್ವಲ್ಪ ಯೋಚಿಸಿದೆ. "ಈಗ ನೋಡಿದ್ರೆ ನನ್ನಿಂದಲೇ ಅನ್ಸತ್ತೆ ಸಾರ್."

ಅಧಿಕಾರಿ ತಮ್ಮ ಹೆಲ್ಮೆಟ್ಟು ತೆಗೆದು ಅದರೊಳಗೆ ಏನೋ ಇದೆಯೆಂಬಂತೆ ಬಹಳ ಹೊತ್ತು ನೋಡಿದರು. ಬಾಗಿಲಲ್ಲಿ ನಿಂತಿದ್ದ ರೋಗಿ ಮೊದಲ ಬಾರಿಗೆ ಬಾಯಿ ಮುಚ್ಚಿದರು. ಅವರ ಹಿಂದೆ ನನ್ನಾಕೆ ನಿಂತಿದ್ದಳು, ಕೈತುಂಬ ಪರದೆ ಹೊತ್ತುಕೊಂಡು. ಪರದೆಯ ಒಂದು ಮಡಿಕೆಯನ್ನು ಎಳೆದು ಮುಖ ಮುಚ್ಚಿಕೊಂಡಳು.

"ತೆಗೀರಿ" ಎಂದರು ಅಧಿಕಾರಿ.

ಬೀಗ ತೆಗೆದು ಸ್ವಿಚ್ಚು ಮೇಲಕ್ಕೇರಿಸಿದೆ. ಲಿಫ್ಟು ಗುಂಯ್ ಎಂದು ಹೊರಟಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಮೂರನೇ ಮಹಡಿಯಿಂದ ಭಯಂಕರವಾದ ಆರ್ಭಟ ಕೇಳಿಸಿತು. ಎಲ್ಲರೂ ಅಂಗಳಕ್ಕೆ ಓಡಿದೆವು.

ಗುಂಡಿಯನ್ನು ನಾನು ಎಷ್ಟೋ ಸಲ ಒತ್ತಿದ್ದೆನಲ್ಲ, ಕೊನೆಯ ಸಲ ಆನ್ ಆಗಿಯೇ ಉಳಿದಿತ್ತು. ಪ್ಲಗ್ಗೂ ಗೋಡೆಯಲ್ಲೇ ಇತ್ತು. ಮೋಟರು ಈ ಗಲಾಟೆಯ ಉದ್ದಕ್ಕೂ ಆರಾಮಾಗಿ ತಣ್ಣಗಾಗಿತ್ತು. ಈಗ ಬೆನ್ನ ಮೇಲೆ ಚೀಲವಿಲ್ಲದೆ, ಗಂಟಲಲ್ಲಿ ಕಾಲುಚೀಲವಿಲ್ಲದೆ, ಹೊಸ ಹುರುಪಿನಿಂದ ಓಡತೊಡಗಿತ್ತು. ಅದರ ಮುಂದೆಯೇ ದಿನಪತ್ರಿಕೆಯ ಮೇಲೆ ನಾನು ಸುರಿದಿದ್ದ ಗುಡ್ಡ. ಎಳೆದುಕೊಂಡ ಧೂಳು ಚೀಲ ಸಿಗದೆ ಹಿಂದಿನಿಂದ ಚಿಮ್ಮಿ, ನಮ್ಮ ಮನೆಯ ಕಿಟಕಿಯಿಂದ ಬೂದುಬಣ್ಣದ ಮೋಡವಾಗಿ ಹೊರಬಿತ್ತು.

"ಹೊಗೆ" ಎಂದು ಯಾರೋ ಕೂಗಿದರು. ಚಪ್ಪಾಳೆ ತಟ್ಟಿದ್ದವರೆಲ್ಲ ಈಗ ಒಬ್ಬರನ್ನೊಬ್ಬರು ತಳ್ಳಿಕೊಂಡು ಗೇಟಿನ ಕಡೆ ಓಡಿದರು. ಸಾಲೂ ಇಲ್ಲ, ಗೋಡೆ ಪಕ್ಕವೂ ಇಲ್ಲ. ಅಧಿಕಾರಿ ಕೈ ಬೀಸಿದರು. ಸಿಬ್ಬಂದಿ ದಪ್ಪ ಪೈಪು ಬಿಚ್ಚಿ, ಅದರ ಮೂತಿಯನ್ನು ನಮ್ಮ ಕಿಟಕಿಗೆ ಗುರಿಯಿಟ್ಟರು.

ಅತ್ತೆಯ ಮಷಿನ್ನಿಗೆ ನೀರು. ಓಡುತ್ತಿರುವ ಮೋಟರಿಗೆ ನೀರು. ಅದೊಂದೇ ನನ್ನ ತಲೆಯಲ್ಲಿದ್ದದ್ದು. "ಬೇಡ ಸಾರ್, ಅದು ಧೂಳು" ಎಂದು ಕಿರುಚಿಕೊಂಡು ಮೀಟರ್ ರೂಮಿಗೆ ಓಡಿ ದೊಡ್ಡ ಸ್ವಿಚ್ಚನ್ನು ಮತ್ತೆ ಇಳಿಸಿದೆ. ಅಭ್ಯಾಸಬಲದಿಂದ ಬೀಗವನ್ನೂ ಹಾಕಿದೆ.

ಆರ್ಭಟ ನಿಂತಿತು. ಮೋಡ ಚದುರಿತು. ಪೈಪಿನ ಮೂತಿ ಕೆಳಗಿಳಿಯಿತು. ಆ ನಿಶ್ಶಬ್ದದಲ್ಲಿ ಎರಡು ದನಿಗಳು ಕೇಳಿದವು. ಒಂದು ಲಿಫ್ಟಿನಿಂದ, ಈ ಸಲ ಮೊದಲನೇ ಮಹಡಿಗೂ ನೆಲಮಹಡಿಗೂ ನಡುವೆ: "ಮತ್ತೆ ಯಾವನ್ರೀ ಅದು?"

ಇನ್ನೊಂದು ಗೇಟಿನಿಂದ. "ನಿಲ್ಲಿಸಿದ್ಯಾಕೆ? ಎಷ್ಟು ಚೆನ್ನಾಗಿ ಓಡ್ತಿತ್ತಲ್ಲ."

ಅತ್ತೆ ಬಂದಿದ್ದರು. ಷಡ್ಡಕರ ಕಾರು ಫೈರ್ ಇಂಜಿನ್ನಿನ ಹಿಂದೆ ನಿಂತಿತ್ತು. ಷಡ್ಡಕರು ಕೀಲಿ ತಿರುಗಿಸುತ್ತ ನಮ್ಮ ಅಂಗಳವನ್ನೂ ಜನರನ್ನೂ ಬೆಕ್ಕನ್ನೂ ನೋಡಿ, ಕೊನೆಗೆ ನನ್ನ ಅರ್ಧ ಗಡ್ಡವನ್ನು ನೋಡಿ ತೃಪ್ತಿಯಿಂದ ನಕ್ಕರು.

"ಯಾರಮ್ಮಾ ನೀವು?" ಎಂದರು ಅಧಿಕಾರಿ.

"ಆ ಕೂಗ್ತಿತ್ತಲ್ಲ, ಅದರ ಯಜಮಾನಿ. ಬೀದಿ ತುದಿಯಿಂದ್ಲೇ ಗುರುತು ಸಿಕ್ತು. ಯಾರು ನಿಲ್ಲಿಸಿದ್ದು?"

ಇಡೀ ಕಟ್ಟಡ ಎರಡನೇ ಬಾರಿಗೆ ನನ್ನನ್ನು ತೋರಿಸಿತು.

ಮೆಟ್ಟಿಲು ಹತ್ತಿ ಎಲ್ಲರೂ ಮೇಲೆ ಹೋದೆವು. ಅತ್ತೆ ಮುಂದೆ, ಅಧಿಕಾರಿ ಹಿಂದೆ, ಅವರ ಹಿಂದೆ ಷಡ್ಡಕರು, ಪರದೆ ಹೊತ್ತ ನನ್ನಾಕೆ, ಎಲ್ಲರಿಗಿಂತ ಕೊನೆಯಲ್ಲಿ ನಾನು. ನಮ್ಮ ಹಾಲಿನಲ್ಲಿ ಸೋಫಾ ಯಾವುದು ನೆಲ ಯಾವುದು ಗೊತ್ತಾಗುತ್ತಿರಲಿಲ್ಲ. ಎಲ್ಲದರ ಮೇಲೂ ಒಂದೇ ಬೂದುಬಣ್ಣ. ಮಷಿನ್ನು ನಿಲ್ಲಿಸಿದ ಜಾಗದಿಂದ ತಾನಾಗಿಯೇ ಜಾರಿ ಹೋಗಿ ಸೋಫಾಕ್ಕೆ ಮೂಗು ತಾಗಿಸಿ ನಿಂತಿತ್ತು. ಅತ್ತೆ ಧೂಳಿನಲ್ಲಿ ಹೆಜ್ಜೆ ಮೂಡಿಸುತ್ತ ಗೋಡೆಯ ಬಳಿ ಹೋಗಿ, ಬಾಗಿ, ಪ್ಲಗ್ಗು ಕಿತ್ತು ಎತ್ತಿ ಹಿಡಿದರು.

ಅಧಿಕಾರಿ ಅದನ್ನೇ ದಿಟ್ಟಿಸಿದರು. "ಇಷ್ಟು ಮಾಡಿದ್ರೆ ಸಾಕಾಗಿತ್ತು."

"ನಾನೂ ಅದನ್ನೇ ಹೇಳಿದ್ದೆ" ಎಂದಳು ನನ್ನಾಕೆ ಪರದೆಯೊಳಗಿನಿಂದ.

"ಅಮ್ಮಾ, ಇದು ಯಾಕೆ ನಿಂತಿತ್ತು, ಯಾಕೆ ಮತ್ತೆ ಓಡ್ತು?" ಎಂದರು ಅಧಿಕಾರಿ.

"ತುಂಬಾ ಬಿಸಿಯಾದ್ರೆ ಒಳಗೆ ತಾನೇ ಕಟ್ ಆಗತ್ತಪ್ಪ, ಸುಟ್ಟು ಹೋಗ್ದೆ ಇರ್ಲಿ ಅಂತ. ತಣ್ಣಗಾದ್ರೆ ಮತ್ತೆ ಸರಿಹೋಗತ್ತೆ. ದಾರಿ ಕಟ್ಟಿದ್ದಕ್ಕೆ ಬಿಸಿಯಾಗಿದ್ದು." ಅತ್ತೆ ಮಷಿನ್ನನ್ನು ಮಗುಚಿ ಕುಚ್ಚನ್ನು ಬೆರಳಿನಿಂದ ತಿರುಗಿಸಿದರು. "ಕ್ಲೀನ್ ಮಾಡಿರೋದು ನೋಡಿದ್ರೆ ಯಾರೋ ಶ್ರದ್ಧೆಯಿಂದ ಮಾಡಿದಾರೆ."

ಅಧಿಕಾರಿ ನನ್ನ ಬಳಿ ಕೀಲಿ ಕೇಳಿದರು. ಹಾಕಿದವನೇ ತೆಗೆಯಬೇಕು ಎನ್ನಲು ಬಾಯಿ ತೆರೆದೆ. ಅವರ ಮೀಸೆ ನೋಡಿ ಕೊಟ್ಟುಬಿಟ್ಟೆ. ಅವರು ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದ ಸದ್ದು, ಅದರ ಹಿಂದೆಯೇ ಕಾರ್ಯದರ್ಶಿಗಳ ಭಾಷಣ ಶುರುವಾದದ್ದು ಕೇಳಿಸಿತು. ಕಟ್ಟಡದವರೆಲ್ಲ ಅಂಗಳದಲ್ಲೇ ಇದ್ದರಲ್ಲ, ಇಷ್ಟು ಹಾಜರಿ ಅವರ ಯಾವ ಸಭೆಗೂ ಸಿಕ್ಕಿರಲಿಲ್ಲ.

ಹಾಲಿನಲ್ಲಿ ನಾವು ನಾಲ್ವರು ಉಳಿದೆವು. ಷಡ್ಡಕರು ಕರ್ಚೀಫಿನಿಂದ ಬೂಟು ಒರೆಸಿಕೊಂಡರು. "ಅತ್ತೆ, ಇಲ್ಲಿ ಕೂತ್ಕೊಳ್ಳೋಕೂ ಜಾಗ ಇಲ್ಲ. ಟ್ರಂಕು ಹೇಗೂ ಕಾರಲ್ಲೇ ಇದೆ. ಹೊರಡೋಣ್ವಾ? ನಮ್ಮನೇಲಿ ಇಂಥ ರಗಳೆ ಏನಿಲ್ಲ. ಎಲ್ಲಾ ತಾನೇ ನಡೆಯತ್ತೆ."

ನನಗೆ ತಡೆಯಲಾಗಲಿಲ್ಲ. "ಅತ್ತೆ, ನೀವು ಇಲ್ಲೇ ಇರ್ಬೇಕು ಅಂತ ನಂಗೆ ತುಂಬಾ ಆಸೆ ಇತ್ತು. ಅದಕ್ಕೇ ಮಷಿನ್ನಿಗೆ ಏನೂ ಆಗ್ಬಾರ್ದು ಅಂತ ಇಷ್ಟೆಲ್ಲಾ ಮಾಡ್ದೆ. ಹೀಗಾಗೋಯ್ತು" ಎಂದೆ. ಹೇಳಿದ ಮೇಲೆ ನೆಲ ನೋಡುತ್ತ ನಿಂತೆ.

ಅತ್ತೆ ಬಾಲ್ಕನಿಗೆ ಹೋಗಿ ಬಟ್ಟೆಯ ಚೀಲ ತಂದು ಮಷಿನ್ನಿಗೆ ಸಿಗಿಸಿದರು. ಅದರ ಕ್ಲಿಪ್ಪು ಬಿಗಿದರು. ತೋಳು ಮೇಲಕ್ಕೆ ಮಡಚಿಕೊಂಡರು. ಆಮೇಲೆ ಪ್ಲಗ್ಗನ್ನು ನನ್ನ ಕೈಗೆ ಕೊಟ್ಟರು.

"ಅಳಿಯಂದ್ರೇ, ಇದೇನು ಹೇಳಿ?"

"ಪ್ಲಗ್ಗು."

"ಮಷಿನ್ನು ನಿಂತ್ರೆ ಮೊದಲು ಏನು ಮಾಡ್ಬೇಕು?"

"ಇದನ್ನ ಕೀಳ್ಬೇಕು."

"ಕಿತ್ತು?"

"ತಣ್ಣಗಾಗೋವರ್ಗೂ ಸುಮ್ನೆ ಕೂತಿರ್ಬೇಕು."

"ಚೀಲ?"

"ತುಂಬೋ ಮೊದ್ಲೇ ಖಾಲಿ ಮಾಡ್ಬೇಕು."

"ಹಾಂ. ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಇನ್ನೊಂದು ಸಲ ಕೇಳ್ತೀನಿ."

ನನ್ನಾಕೆ ಪರದೆಯಿಂದ ಮುಖ ಹೊರಗೆ ಹಾಕಿದಳು. ಷಡ್ಡಕರ ಕೈಯಲ್ಲಿ ತಿರುಗುತ್ತಿದ್ದ ಕೀಲಿ ನಿಂತಿತು. "ನಾಳೆನಾ? ನಾಳೆ ನೀವು ನಮ್ಮನೇಲಿ..."

"ನಿಮ್ಮನೇಲಿ ಎಲ್ಲಾ ತಾನೇ ನಡೆಯತ್ತೆ ಕಣಪ್ಪ. ಕಾಲು ನೆಲಕ್ಕಿಟ್ರೆ ಆ ತಟ್ಟೆ ಬಂದು 'ಆಚೆ ಸರಿಯಮ್ಮ' ಅನ್ನೋ ಹಾಗೆ ತಳ್ಳತ್ತೆ. ಸುಮ್ನೆ ಕೂತು ಕೂತು ನಾನೇ ಒಂದು ಮೂಲೆ ಸಾಮಾನಾಗಿಬಿಟ್ಟಿದ್ದೆ." ಅತ್ತೆ ಹಾಲಿನ ಧೂಳನ್ನೂ ನನ್ನ ಹೆಲ್ಮೆಟ್ಟನ್ನೂ ಒಂದು ಸುತ್ತು ನೋಡಿದರು. ಅವರಿಗೆ ನಗು ತಡೆಯಲಾಗಲಿಲ್ಲ. "ಇಲ್ಲಿ ನೋಡು, ಒಂದೂ ತಾನಾಗಿ ನಡೆಯಲ್ಲ. ನಾನು ಬೇಕಾಗಿರೋದು ಇಲ್ಲಿಗೇ."

ನನ್ನಾಕೆ ಪರದೆಗಳನ್ನೆಲ್ಲ ಆ ಧೂಳಿನಲ್ಲೇ ಕೈಬಿಟ್ಟು ಅಮ್ಮನನ್ನು ತಬ್ಬಿಕೊಂಡಳು. ನಾನು ಟ್ರಂಕು ತರಲು ಕೆಳಗೆ ಓಡಿದೆ. ಅಂಗಳದಲ್ಲಿ ಕಾರ್ಯದರ್ಶಿಗಳು ಇಡೀ ಕಟ್ಟಡವನ್ನು ಎದುರಿಗೆ ಕೂರಿಸಿಕೊಂಡು ನನ್ನ ಮೇಲೆ ಕ್ರಮ ಕೈಗೊಳ್ಳುವ ಬಗ್ಗೆ ಮಾತಾಡುತ್ತಿದ್ದರು. ಷಡ್ಡಕರ ಕಾರಿನಿಂದ ಟ್ರಂಕು ಎಳೆದು ಹೆಗಲಿಗೇರಿಸುತ್ತ, "ಸಾರ್, ಏನು ಬೇಕಾದ್ರೂ ಮಾಡಿ, ನಮ್ಮತ್ತೆ ಇಲ್ಲೇ ಇರ್ತಾರೆ" ಎಂದೆ. ಯಾಕೋ ಏನೋ, ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು.